ಪಗಾನಿನಿಯ ಪಿಟೀಲು, ಮಾರ್ಷಲ್ ಆಂಪ್ಲಿಫೈಯರ್: ಯಿಂಗ್ವೇ ಮಾಲ್ಮ್‌ಸ್ಟೀನ್ ಬೆರಳುಗಳ ಗುಟ್ಟು

1984ರಲ್ಲಿ 'ರೈಸಿಂಗ್ ಫೋರ್ಸ್' ಎಂಬ ಆಲ್ಬಂ ಬಿಡುಗಡೆಯಾದಾಗ ಅದನ್ನು ಕೇಳಿದ ಅನೇಕ ಗಿಟಾರ್ ವಾದಕರಿಗೆ ಮೊದಲು ಬಂದ ಅನುಮಾನ ಒಂದೇ: ಟೇಪನ್ನು ವೇಗವಾಗಿ ಓಡಿಸಿ ಮೋಸ ಮಾಡಿರಬಹುದೇ? ಇಪ್ಪತ್ತರ ಆಸುಪಾಸಿನ ಸ್ವೀಡನ್ನಿನ ಹುಡುಗನೊಬ್ಬ ಎಲೆಕ್ಟ್ರಿಕ್ ಗಿಟಾರಿನ ಮೇಲೆ ಪಿಟೀಲಿನವರು ನುಡಿಸುವ ಮಾತುಗಳನ್ನು ನುಡಿಸುತ್ತಿದ್ದ. ಅದೂ ಪ್ರತಿ ಸ್ವರ ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಕೇಳುವಂತೆ. ಎಂಟು ಹಾಡುಗಳ ಆಲ್ಬಂನಲ್ಲಿ ಗಾಯನ ಇದ್ದದ್ದು ಎರಡರಲ್ಲಿ ಮಾತ್ರ. ಉಳಿದದ್ದೆಲ್ಲ ವಾದ್ಯ ಸಂಗೀತ. ಹಾಗಿದ್ದೂ ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 60ನೇ ಸ್ಥಾನದವರೆಗೆ ಏರಿತು, ರಾಕ್ ವಾದ್ಯಸಂಗೀತ ವಿಭಾಗದಲ್ಲಿ ಗ್ರ್ಯಾಮಿಗೆ ನಾಮನಿರ್ದೇಶನವನ್ನೂ ಪಡೆಯಿತು.

ಯಿಂಗ್ವೇ ಮಾಲ್ಮ್‌ಸ್ಟೀನ್ ಎಂದರೆ ವೇಗ ಎಂದೇ ಇಂದಿಗೂ ಎಲ್ಲರೂ ಹೇಳುವುದು. ಮೆಚ್ಚುವವರೂ ಅದನ್ನೇ ಹೇಳುತ್ತಾರೆ, ಮೂಗು ಮುರಿಯುವವರೂ ಅದನ್ನೇ ಹೇಳುತ್ತಾರೆ. ಆದರೆ ಅವರಷ್ಟೇ ವೇಗವಾಗಿ, ಕೆಲವೊಮ್ಮೆ ಅವರಿಗಿಂತ ವೇಗವಾಗಿ ನುಡಿಸುವವರು ಈಗ ಯೂಟ್ಯೂಬ್ ತುಂಬ ಇದ್ದಾರೆ. ಆದರೂ ನಾಲ್ಕು ಸ್ವರ ಕೇಳಿದೊಡನೆ 'ಇದು ಮಾಲ್ಮ್‌ಸ್ಟೀನ್' ಎಂದು ಗುರುತು ಸಿಗುತ್ತದೆ. ಆ ಗುರುತು ಎಲ್ಲಿಂದ ಬರುತ್ತದೆ ಎಂಬುದೇ ಇಲ್ಲಿನ ವಿಷಯ.

ಸ್ಟಾಕ್‌ಹೋಮ್‌ನ ಹುಡುಗ

ಮಾಲ್ಮ್‌ಸ್ಟೀನ್ ಹುಟ್ಟಿದ್ದು 1963ರ ಜೂನ್ 30ರಂದು, ಸ್ಟಾಕ್‌ಹೋಮ್‌ನಲ್ಲಿ. ಹುಟ್ಟು ಹೆಸರು ಲಾರ್ಸ್ ಯೋಹಾನ್ ಯಿಂಗ್ವೆ ಲಾನರ್‌ಬೆಕ್. ಮುಂದೆ ತಾಯಿಯ ಮನೆತನದ ಹೆಸರನ್ನೇ ಸ್ವಲ್ಪ ತಿದ್ದಿ ತಮ್ಮದಾಗಿಸಿಕೊಂಡರು. 1970ರ ಸೆಪ್ಟೆಂಬರ್ 18ರಂದು ಜಿಮಿ ಹೆಂಡ್ರಿಕ್ಸ್ ತೀರಿಕೊಂಡಾಗ ಟಿವಿಯಲ್ಲಿ ಅವರ ಹಳೆಯ ಕಛೇರಿಯ ದೃಶ್ಯ ತೋರಿಸಿದರು. ಗಿಟಾರಿಗೆ ಬೆಂಕಿ ಹಚ್ಚುವ ಆ ದೃಶ್ಯ ನೋಡಿದ ಏಳು ವರ್ಷದ ಹುಡುಗ ಅಂದೇ ಗಿಟಾರ್ ಹಿಡಿದ ಎಂಬುದು ಅವರೇ ಮತ್ತೆ ಮತ್ತೆ ಹೇಳಿಕೊಂಡ ಕಥೆ.

ಆದರೆ ಹೆಂಡ್ರಿಕ್ಸ್‌ರಿಂದ ಅವರು ಪಡೆದದ್ದು ವೇದಿಕೆಯ ಆರ್ಭಟ ಮಾತ್ರ. ಸಂಗೀತದ ದಾರಿ ತೋರಿದವರು ಬೇರೆ. ಅಕ್ಕ ಕೊಟ್ಟ ಡೀಪ್ ಪರ್ಪಲ್ ತಂಡದ 'ಫೈರ್‌ಬಾಲ್' ಆಲ್ಬಂನಲ್ಲಿ ರಿಚಿ ಬ್ಲ್ಯಾಕ್‌ಮೋರ್ ಸಿಕ್ಕರು. ಬ್ಲ್ಯಾಕ್‌ಮೋರ್ ರಾಕ್ ಸಂಗೀತದೊಳಗೆ ಬಾಖ್ ಶೈಲಿಯ ಸ್ವರಸಂಚಾರಗಳನ್ನು ತಂದಿದ್ದರು. 1972ರ 'ಹೈವೇ ಸ್ಟಾರ್' ಹಾಡಿನ ಗಿಟಾರ್ ಭಾಗ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಆ ದಾರಿಯ ಮೂಲ ಹುಡುಕುತ್ತ ಹೋದ ಹುಡುಗನಿಗೆ ಬಾಖ್, ವಿವಾಲ್ಡಿ ಸಿಕ್ಕರು. ಕೊನೆಗೆ ಗಿಡಾನ್ ಕ್ರೆಮರ್ ಎಂಬ ಪಿಟೀಲು ವಾದಕ ಟಿವಿಯಲ್ಲಿ ನುಡಿಸಿದ ಪಗಾನಿನಿಯ ಕೃತಿಗಳು ಕಿವಿಗೆ ಬಿದ್ದವು.

ನಿಕೊಲೊ ಪಗಾನಿನಿ (1782-1840) ಇಟಲಿಯ ಪಿಟೀಲು ಮಾಂತ್ರಿಕ. ಒಂಟಿ ಪಿಟೀಲಿಗಾಗಿ ಆತ ಬರೆದ 24 'ಕ್ಯಾಪ್ರಿಸ್'ಗಳು 1820ರಲ್ಲಿ ಪ್ರಕಟವಾದವು. ಇಂದಿಗೂ ಪಿಟೀಲು ವಿದ್ಯಾರ್ಥಿಗಳನ್ನು ಬೆವರಿಳಿಸುವ ಕೃತಿಗಳು ಅವು. ಬೇರೆ ಗಿಟಾರ್ ವಾದಕರು ಇನ್ನೊಬ್ಬ ಗಿಟಾರ್ ವಾದಕನನ್ನು ನಕಲು ಮಾಡುತ್ತಿದ್ದಾಗ ಮಾಲ್ಮ್‌ಸ್ಟೀನ್ ನಕಲು ಮಾಡಲು ಹೊರಟದ್ದು ಪಿಟೀಲನ್ನು. ಅವರ ತಂತ್ರದ ಬಹುಪಾಲು ಈ ಒಂದು ಹಟದಿಂದ ಹುಟ್ಟಿದೆ. ಪಿಟೀಲಿನ ಕಮಾನಿಗೆ ಸುಲಭವಾದದ್ದು ಗಿಟಾರಿನ ಪಿಕ್ಕಿಗೆ ಸುಲಭವಲ್ಲ.

ಸ್ವೀಡನ್ನಿನಲ್ಲಿ ಕೇಳುವವರಿಲ್ಲದೆ ಅವರು ಟೇಪುಗಳನ್ನು ಹೊರದೇಶಗಳಿಗೆ ಕಳಿಸುತ್ತಿದ್ದರು. ಅದರಲ್ಲೊಂದು 'ಗಿಟಾರ್ ಪ್ಲೇಯರ್' ಪತ್ರಿಕೆಯಲ್ಲಿ ಹೊಸಬರ ಬಗ್ಗೆ ಅಂಕಣ ಬರೆಯುತ್ತಿದ್ದ, ಶ್ರಾಪ್ನೆಲ್ ರೆಕಾರ್ಡ್ಸ್‌ನ ಮೈಕ್ ವಾರ್ನಿ ಕೈಗೆ ಸಿಕ್ಕಿತು. ಅಮೆರಿಕಕ್ಕೆ ಕರೆ ಬಂತು. 1983ರಲ್ಲಿ 'ಸ್ಟೀಲರ್' ತಂಡದೊಂದಿಗೆ ಒಂದು ಆಲ್ಬಂ, ಬಳಿಕ ಗ್ರಹಾಂ ಬಾನೆಟ್ ಗಾಯಕರಾಗಿದ್ದ 'ಆಲ್ಕಟ್ರಾಜ್' ತಂಡ. ಅಲ್ಲಿಯೂ ಹೆಚ್ಚು ದಿನ ನಿಲ್ಲಲಿಲ್ಲ. ಅವರು ಬಿಟ್ಟ ಜಾಗಕ್ಕೆ ಬಂದವರು ಸ್ಟೀವ್ ವಾಯ್ ಎಂದರೆ ಆ ಜಾಗದ ಮಟ್ಟ ಎಂಥದ್ದೆಂದು ತಿಳಿಯುತ್ತದೆ.

ಬಲಗೈಯ ಲೆಕ್ಕಾಚಾರ

ಗಿಟಾರಿನಲ್ಲಿ ವೇಗ ಎಂದರೆ ಎಡಗೈ ಬೆರಳುಗಳ ಓಟ ಎಂದು ನೋಡುವವರಿಗೆ ಅನಿಸುತ್ತದೆ. ನಿಜವಾದ ಕಷ್ಟ ಇರುವುದು ಬಲಗೈಯಲ್ಲಿ. ಪಿಕ್ ಎಂಬ ಪುಟ್ಟ ಪ್ಲಾಸ್ಟಿಕ್ ಬಿಲ್ಲೆಯಿಂದ ಒಂದೇ ತಂತಿಯನ್ನು ಮೇಲೆ ಕೆಳಗೆ ಮೀಟುವುದು ಅಭ್ಯಾಸದಿಂದ ಬರುತ್ತದೆ. ನಿಮಿಷಕ್ಕೆ 120 ಬೀಟ್‌ಗಳ ಲಯದಲ್ಲಿ ಪ್ರತಿ ಬೀಟಿಗೆ ಆರು ಸ್ವರ ಎಂದರೆ ಸೆಕೆಂಡಿಗೆ 12 ಸ್ವರ. ಒಂದೇ ತಂತಿಯಲ್ಲಾದರೆ ಇದು ಅಸಾಧ್ಯವೇನಲ್ಲ. ತೊಂದರೆ ಶುರುವಾಗುವುದು ಒಂದು ತಂತಿಯಿಂದ ಇನ್ನೊಂದಕ್ಕೆ ದಾಟುವಾಗ. ಆ ವೇಗದಲ್ಲಿ ಪಿಕ್ಕನ್ನು ಎತ್ತಿ, ಮಧ್ಯದ ತಂತಿಗೆ ತಗಲದಂತೆ ಇನ್ನೊಂದು ಕಡೆಗೆ ಇಳಿಸಲು ಸಮಯವೇ ಇರುವುದಿಲ್ಲ.

ಮಾಲ್ಮ್‌ಸ್ಟೀನ್ ಇದಕ್ಕೆ ಕಂಡುಕೊಂಡ ಉಪಾಯ ಬಹಳ ಕಾಲ ಯಾರಿಗೂ ಸ್ಪಷ್ಟವಾಗಿ ತಿಳಿದಿರಲಿಲ್ಲ. ಬಹುಶಃ ಅವರಿಗೂ ಮಾತಿನಲ್ಲಿ ಹೇಳುವಷ್ಟು ತಿಳಿದಿರಲಿಲ್ಲ. ಕೈಗೆ ಗೊತ್ತಿತ್ತು, ಅಷ್ಟೆ. ಅಮೆರಿಕದ ಗಿಟಾರ್ ವಾದಕ ಟ್ರಾಯ್ ಗ್ರೇಡಿ 'ಕ್ರ್ಯಾಕಿಂಗ್ ದ ಕೋಡ್' ಎಂಬ ವಿಡಿಯೋ ಸರಣಿಯಲ್ಲಿ ಈ ಒಗಟನ್ನು ಬಿಡಿಸಿ ತೋರಿಸಿದರು. ಅದರ ಸಾರಾಂಶ ಹೀಗಿದೆ.

ಮಾಲ್ಮ್‌ಸ್ಟೀನ್ ಪಿಕ್ಕನ್ನು ನೆಟ್ಟಗೆ ಹಿಡಿಯುವುದಿಲ್ಲ, ಸ್ವಲ್ಪ ಓರೆಯಾಗಿ ಹಿಡಿಯುತ್ತಾರೆ. ಹೀಗೆ ಹಿಡಿದಾಗ ಕೆಳಮುಖವಾಗಿ ಮೀಟಿದರೆ ಪಿಕ್ ಎರಡು ತಂತಿಗಳ ನಡುವೆ ಹೂತು ನಿಲ್ಲುತ್ತದೆ. ಮೇಲ್ಮುಖವಾಗಿ ಮೀಟಿದರೆ ತಂತಿಗಳ ಸಾಲಿನಿಂದ ತಾನಾಗಿಯೇ ಹೊರಗೆ ಬರುತ್ತದೆ. ಹೊರಗೆ ಬಂದ ಪಿಕ್ ಯಾವ ತಂತಿಗೆ ಬೇಕಾದರೂ ಹೋಗಬಹುದು. ಹಾಗಾದರೆ ಮಾಡಬೇಕಾದ್ದು ಇಷ್ಟೇ: ಪ್ರತಿ ತಂತಿಯ ಕೊನೆಯ ಸ್ವರ ಮೇಲ್ಮುಖ ಮೀಟಿಗೇ ಬರುವಂತೆ ನೋಡಿಕೊಳ್ಳುವುದು. ಕೆಳಮುಖದಿಂದ ಶುರು ಮಾಡಿ ಎರಡು, ನಾಲ್ಕು ಅಥವಾ ಆರು ಸ್ವರ ಮೀಟಿದರೆ ಕೊನೆಯದು ಮೇಲ್ಮುಖವೇ ಆಗಿರುತ್ತದೆ. ಒಂದೇ ತಂತಿಯಲ್ಲಿ ಸುತ್ತುವ ಆರು ಸ್ವರಗಳ ಗುಂಪು ಅವರ ವಾದನದಲ್ಲಿ ಅಷ್ಟೊಂದು ಸಲ ಕೇಳಿಸುವುದು ಇದೇ ಕಾರಣಕ್ಕೆ.

ಬೆಸ ಸಂಖ್ಯೆ ಬಂದರೆ? ಅದಕ್ಕೆ ಎರಡು ಕಿಂಡಿಗಳಿವೆ. ದಪ್ಪ ತಂತಿಯಿಂದ ಸಣ್ಣ ತಂತಿಯ ಕಡೆಗೆ ಹೋಗುವಾಗ ಕೊನೆಯ ಮೀಟು ಕೆಳಮುಖವಾಗಿದ್ದರೆ, ಪಿಕ್ಕನ್ನು ಎತ್ತದೆ ಅದೇ ಬೀಸಿನಲ್ಲಿ ಮುಂದಿನ ತಂತಿಗೂ ತಳ್ಳಿಬಿಡುತ್ತಾರೆ. ಒಂದೇ ಬೀಸಿಗೆ ಎರಡು ಸ್ವರ. ಸಣ್ಣ ತಂತಿಯಿಂದ ದಪ್ಪ ತಂತಿಯ ಕಡೆಗೆ ಬರುವಾಗ ಈ ಸೌಲಭ್ಯ ಇಲ್ಲ. ಆಗ ಒಂದು ಸ್ವರವನ್ನು ಮೀಟದೆ, ಎಡಗೈ ಬೆರಳನ್ನು ತಂತಿಯಿಂದ ಕೀಳುತ್ತಲೇ ನುಡಿಸುತ್ತಾರೆ. ಮೀಟಿದ ಸ್ವರಗಳ ಸಂಖ್ಯೆ ಮತ್ತೆ ಸಮವಾಗುತ್ತದೆ. ಹೀಗಾಗಿ ಅವರು ಏರುವಾಗ ಕೇಳುವ ನಾದ ಬೇರೆ, ಇಳಿಯುವಾಗ ಕೇಳುವ ನಾದ ಬೇರೆ; ಇಳಿಯುವಾಗ ಸ್ವಲ್ಪ ಹೆಚ್ಚು ನುಣುಪು. ಎಷ್ಟೋ ವರ್ಷ ಅಭಿಮಾನಿಗಳು ಎಲ್ಲ ಸ್ವರಗಳನ್ನೂ ಮೀಟಬೇಕೆಂದು ಮನೆಯಲ್ಲಿ ಕೂತು ಕೈ ನೋಯಿಸಿಕೊಂಡರು. ಆ ಮನುಷ್ಯ ಎಲ್ಲವನ್ನೂ ಮೀಟುತ್ತಲೇ ಇರಲಿಲ್ಲ.

ಈ ಬೀಸು ತಂತ್ರದ ದೊಡ್ಡ ರೂಪವೇ 'ಸ್ವೀಪ್ ಪಿಕಿಂಗ್'. ಮೂರು, ಐದು ತಂತಿಗಳ ಮೇಲೆ ಪಿಕ್ಕನ್ನು ಒಂದೇ ಸಲ ಸವರಿಕೊಂಡು ಹೋಗುವುದು, ಎಡಗೈ ಪ್ರತಿ ತಂತಿಯಲ್ಲೂ ಒಂದೊಂದು ಸ್ವರ ಒತ್ತುವುದು. ಜಾಝ್ ಗಿಟಾರಿನಲ್ಲಿ ಇದು ಮೊದಲೇ ಇತ್ತು. ಫ್ರ್ಯಾಂಕ್ ಗಂಬಾಲೆ ಅದನ್ನು ಬೇರೆಯೇ ದಿಕ್ಕಿನಲ್ಲಿ ಬೆಳೆಸಿದರು. ಮಾಲ್ಮ್‌ಸ್ಟೀನ್ ಅದನ್ನು ಪಗಾನಿನಿಯ ಬಿಡಿಸ್ವರ ಮಾಲೆಗಳಿಗೆ ಬಳಸಿಕೊಂಡರು. ನೋಡಲು ಸುಲಭ. ಆದರೆ ಒತ್ತಿದ ಬೆರಳನ್ನು ಸ್ವರ ಮುಗಿದ ಕ್ಷಣವೇ ಸಡಿಲಿಸದಿದ್ದರೆ ಎಲ್ಲ ಸ್ವರಗಳೂ ಒಟ್ಟಿಗೆ ಮೊಳಗಿ ಗದ್ದಲವಾಗುತ್ತದೆ. ಮಾರ್ಷಲ್ ಆಂಪ್ಲಿಫೈಯರ್‌ಗಳ ಸಾಲನ್ನೇ ಹಿಂದೆ ನಿಲ್ಲಿಸಿಕೊಂಡು ನುಡಿಸುವವನಿಗೆ ಸುಮ್ಮನೆ ಇರಬೇಕಾದ ತಂತಿಗಳನ್ನು ಸುಮ್ಮನಿರಿಸುವುದು ನುಡಿಸುವಷ್ಟೇ ದೊಡ್ಡ ಕೆಲಸ. 'ಟ್ರಿಲಜಿ' (1986) ಆಲ್ಬಂನ ಕೊನೆಯ ವಾದ್ಯಕೃತಿಯಲ್ಲಿ ಈ ಶುಚಿತ್ವ ಎದ್ದು ಕಾಣುತ್ತದೆ.

ಕೆತ್ತಿದ ಮರ, ತೆಳು ತಂತಿ

ಹದಿಹರೆಯದಲ್ಲಿ ಮಾಲ್ಮ್‌ಸ್ಟೀನ್ ವಾದ್ಯ ರಿಪೇರಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಅಲ್ಲಿಗೆ ಬಂದ 17ನೇ ಶತಮಾನದ ಲ್ಯೂಟ್ ವಾದ್ಯವೊಂದರಲ್ಲಿ ಮೆಟ್ಟಿಲುಗಳ ನಡುವಿನ ಮರವನ್ನು ಬಟ್ಟಲಿನಂತೆ ಕೆತ್ತಿತ್ತು. ಅದನ್ನು ನೋಡಿ ತಮ್ಮ ಗಿಟಾರಿನ ಮರವನ್ನೂ ಹಾಗೆಯೇ ಕೆತ್ತಿ ನೋಡಿದರು. ಅಂದಿನಿಂದ ಅವರ ಎಲ್ಲ ಫೆಂಡರ್ ಸ್ಟ್ರಾಟೊಕಾಸ್ಟರ್‌ಗಳೂ ಹೀಗೆ ಕೆತ್ತಿದ ಕುತ್ತಿಗೆಯವೇ. ಫೆಂಡರ್ ಕಂಪನಿ 1988ರಲ್ಲಿ ಅವರ ಹೆಸರಿನ ಮಾದರಿಯನ್ನೇ ಮಾರುಕಟ್ಟೆಗೆ ತಂದಿತು.

ಕೆತ್ತಿದ್ದರಿಂದ ಏನು ಲಾಭ? ಸಾಮಾನ್ಯ ಗಿಟಾರಿನಲ್ಲಿ ತಂತಿ ಒತ್ತಿದಾಗ ಬೆರಳ ತುದಿ ಮರಕ್ಕೆ ತಗಲಿ ಉಜ್ಜುತ್ತದೆ. ಕೆತ್ತಿದ ಗಿಟಾರಿನಲ್ಲಿ ಬೆರಳು ಮುಟ್ಟುವುದು ತಂತಿಯನ್ನು ಮಾತ್ರ. ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವುದು, ಅದನ್ನು ತೂಗಾಡಿಸುವುದು ಸಲೀಸಾಗುತ್ತದೆ. ವೀಣೆ ನೋಡಿದವರಿಗೆ ಇದು ಹೊಸದೇನಲ್ಲ. ಮೇಣದ ದಿಂಡಿನ ಮೇಲೆ ಎತ್ತರಕ್ಕೆ ನಿಲ್ಲಿಸಿದ ಮೆಟ್ಟಿಲುಗಳ ಮೇಲೆ ತಂತಿ ಎಳೆದು ಗಮಕ ತೆಗೆಯುವುದು ಇದೇ ತತ್ವದ ಮೇಲೆ. ಅಪಾಯವೂ ಇದೆ. ಬೆರಳಿಗೆ ಆಧಾರವಾಗಿ ಮರ ಇಲ್ಲದ ಕಾರಣ ಸ್ವಲ್ಪ ಜೋರಾಗಿ ಒತ್ತಿದರೂ ಶ್ರುತಿ ಏರಿಬಿಡುತ್ತದೆ. ಒರಟು ಕೈಯವರು ಇದನ್ನು ಹಿಡಿದರೆ ಅಪಶ್ರುತಿ ಖಾತ್ರಿ. ಸೆಕೆಂಡಿಗೆ ಹತ್ತಾರು ಸ್ವರಗಳ ಓಟದಲ್ಲೂ ಮಾಲ್ಮ್‌ಸ್ಟೀನ್ ಶ್ರುತಿ ಜಾರುವುದಿಲ್ಲ ಎಂಬುದರಿಂದಲೇ ಅವರ ಎಡಗೈ ಎಷ್ಟು ಹಗುರ ಎಂದು ಊಹಿಸಬಹುದು.

ಉಳಿದ ಸಲಕರಣೆಗಳೂ ಇದಕ್ಕೆ ಹೊಂದುವಂಥವೇ. ಅತ್ಯಂತ ಸಣ್ಣ ತಂತಿ 0.008 ಇಂಚು ದಪ್ಪ, ಅಂದರೆ ಬಹಳ ತೆಳು. ಇಡೀ ಗಿಟಾರನ್ನು ಅರ್ಧ ಸ್ವರ ಕೆಳಗೆ ಶ್ರುತಿ ಮಾಡುವುದರಿಂದ ತಂತಿ ಇನ್ನೂ ಸಡಿಲ. ಇದಕ್ಕೆ ವಿರುದ್ಧವಾಗಿ ಪಿಕ್ ಮಾತ್ರ ದಪ್ಪ, ಬಾಗದ್ದು. ಅಂತೂ ಎಡಗೈಗೆ ರೇಷ್ಮೆ, ಬಲಗೈಗೆ ಉಳಿ.

ಅವರ ನಿಜವಾದ ಸಹಿ ಇರುವುದು ಸ್ವರವನ್ನು ತೂಗಾಡಿಸುವ ರೀತಿಯಲ್ಲಿ, ಅಂದರೆ ವೈಬ್ರಾಟೊದಲ್ಲಿ ಎಂದು ಧೈರ್ಯವಾಗಿ ಹೇಳಬಹುದು. ನೂರು ಸ್ವರಗಳ ಮಳೆ ಸುರಿಸಿ ಕೊನೆಗೆ ಒಂದು ಸ್ವರದ ಮೇಲೆ ಬಂದು ನಿಲ್ಲುತ್ತಾರೆ. ಆ ಸ್ವರ ಅಗಲವಾಗಿ, ನಿಧಾನವಾಗಿ, ಒಂದೇ ಅಳತೆಯಲ್ಲಿ ಅಲುಗಾಡುತ್ತದೆ. ವೇಗವನ್ನು ನಕಲು ಮಾಡಿದ ಸಾವಿರ ಜನರಲ್ಲಿ ಈ ಒಂದು ಸ್ವರವನ್ನು ನಕಲು ಮಾಡಿದವರು ಕೈಬೆರಳೆಣಿಕೆಯಷ್ಟು. ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಕಿರುಬೆರಳಿನಿಂದ ತಿರುಗಿಸುತ್ತ, ಮೀಟಿನ ಸದ್ದು ಅಡಗಿಸಿ, ಕಮಾನು ಎಳೆದಂತೆ ಸ್ವರ ಉಬ್ಬಿಸುವ ಆಟವೂ ಅವರಿಗೆ ಇಷ್ಟ.

ಕೀರವಾಣಿಯ ನೆರೆಮನೆ

ಮಾಲ್ಮ್‌ಸ್ಟೀನ್ ಸಂಗೀತ ನಮ್ಮ ಕಿವಿಗೆ ಎಲ್ಲೋ ಕೇಳಿದಂತೆ ಅನಿಸುವುದಕ್ಕೆ ಕಾರಣವಿದೆ. ರಾಕ್ ಗಿಟಾರಿನ ಮಾತೃಭಾಷೆ ಬ್ಲೂಸ್. ಐದು ಸ್ವರಗಳ ಸರಣಿ ಅದರ ಆಧಾರ. ಮಾಲ್ಮ್‌ಸ್ಟೀನ್ ಅದನ್ನು ಬದಿಗಿಟ್ಟು ಹೆಚ್ಚಾಗಿ ಹಿಡಿದದ್ದು 'ಹಾರ್ಮೋನಿಕ್ ಮೈನರ್' ಎಂಬ ಸ್ವರಶ್ರೇಣಿಯನ್ನು. ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕಾಕಲಿ ನಿಷಾದ. ಅಂದರೆ 21ನೇ ಮೇಳಕರ್ತ ಕೀರವಾಣಿಯ ಸ್ವರಗಳೇ. ಧೈವತ ಮತ್ತು ನಿಷಾದದ ನಡುವಿನ ಆ ದೊಡ್ಡ ಅಂತರವೇ ಎರಡೂ ಕಡೆ ಕೇಳುವ ಕರುಣೆಯ ಎಳೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಹಿನ್ನೆಲೆಯ ಸ್ವರಮೇಳ ಪಂಚಮದ ಮೇಲೆ ನಿಂತಾಗ ಮಾಲ್ಮ್‌ಸ್ಟೀನ್ ಅದೇ ಸ್ವರಗಳನ್ನು ಪಂಚಮದಿಂದ ಪಂಚಮಕ್ಕೆ ನುಡಿಸುತ್ತಾರೆ. ಪಾಶ್ಚಾತ್ಯರು ಇದಕ್ಕೆ 'ಫ್ರಿಜಿಯನ್ ಡಾಮಿನೆಂಟ್' ಎನ್ನುತ್ತಾರೆ. ನಮ್ಮಲ್ಲಿ ಇದು ಗ್ರಹಭೇದ. ಕೀರವಾಣಿಯ ಪಂಚಮವನ್ನು ಷಡ್ಜ ಮಾಡಿಕೊಂಡರೆ ಸಿಗುವುದು 14ನೇ ಮೇಳ ವಕುಳಾಭರಣ. ಹಿಂದೂಸ್ತಾನಿ ಕೇಳುವವರಿಗೆ ಬಸಂತ ಮುಖಾರಿ ನೆನಪಾದರೆ ತಪ್ಪಲ್ಲ. ಅಷ್ಟಕ್ಕೇ ಮಾಲ್ಮ್‌ಸ್ಟೀನ್ ರಾಗ ನುಡಿಸುತ್ತಾರೆ ಎಂದೇನೂ ಅಲ್ಲ. ಅವರಲ್ಲಿ ಗಮಕದ ವ್ಯವಸ್ಥೆ ಇಲ್ಲ, ಅವರ ಸ್ವರಗಳು ಕೆಳಗಿನ ಸ್ವರಮೇಳ ಬದಲಾದಂತೆ ಬದಲಾಗುತ್ತ ಹೋಗುತ್ತವೆ. ಸ್ವರಗಳು ಒಂದೇ, ಸಂಸಾರ ಬೇರೆ.

ಅವರ ಮತ್ತೊಂದು ಪ್ರಿಯ ಅಸ್ತ್ರ 'ಡಿಮಿನಿಷ್ಡ್' ಸ್ವರಗುಂಪು. ಕೀರವಾಣಿಯ ನಿ, ರಿ, ಮ, ದ ತೆಗೆದುಕೊಳ್ಳಿ. ಪ್ರತಿ ಎರಡರ ನಡುವೆ ಸರಿಯಾಗಿ ಮೂರು ಅರ್ಧಸ್ವರಗಳ ದೂರ. ಸ್ಥಾಯಿಯ 12 ಸ್ಥಾನಗಳನ್ನು ಸಮನಾಗಿ ನಾಲ್ಕು ಪಾಲು ಮಾಡಿದಂತೆ. ಹೀಗಾಗಿ ಗಿಟಾರಿನಲ್ಲಿ ಬೆರಳುಗಳ ಒಂದೇ ವಿನ್ಯಾಸವನ್ನು ಮೂರು ಮನೆ ಮೇಲಕ್ಕೆ ಜರುಗಿಸಿದರೆ ಅದೇ ನಾಲ್ಕು ಸ್ವರಗಳು ಇನ್ನೊಂದು ಕ್ರಮದಲ್ಲಿ ಬರುತ್ತವೆ. ಕೇಳುವವರಿಗೆ ಎದೆ ಝಲ್ಲೆನ್ನುವ ಏರಿಕೆ. ನುಡಿಸುವವರಿಗೆ ಒಂದೇ ಆಕಾರದ ಪುನರಾವರ್ತನೆ. ಬಾಖ್ ಕಾಲದಿಂದ ಬಂದ ಇನ್ನೊಂದು ತಂತ್ರವೂ ಇದೆ: ಒಂದು ಸ್ವರವನ್ನು ಬಿಡದೆ ಹಿಡಿದು, ಉಳಿದ ಸ್ವರಗಳಿಂದ ಮತ್ತೆ ಮತ್ತೆ ಅದಕ್ಕೇ ಮರಳುವುದು. ಇನ್ನು ಸರಿಗಮ, ರಿಗಮಪ, ಗಮಪದ ಎಂದು ಮೆಟ್ಟಿಲೇರುವ ಸ್ವರಗುಂಪುಗಳು ಬಾಲಪಾಠ ಕಲಿತ ಯಾರಿಗೂ ಗೊತ್ತಿರುವಂಥವೇ.

ಅಂದಹಾಗೆ 'ನಿಯೊಕ್ಲಾಸಿಕಲ್' ಎಂಬ ಹಣೆಪಟ್ಟಿ ಅಷ್ಟು ಸರಿಯಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಆ ಹೆಸರು 1920ರ ದಶಕದ ಸ್ಟ್ರಾವಿನ್‌ಸ್ಕಿ ಮೊದಲಾದವರ ಕೃತಿಗಳಿಗೆ ಸಲ್ಲುತ್ತದೆ. ಮಾಲ್ಮ್‌ಸ್ಟೀನ್ ಎರವಲು ಪಡೆದದ್ದು ಹೆಚ್ಚಾಗಿ ಅದಕ್ಕೂ ಇನ್ನೂರು ವರ್ಷ ಹಿಂದಿನ ಬರೋಕ್ ಸಂಗೀತದಿಂದ. ಆದರೂ ರಾಕ್ ಲೋಕದಲ್ಲಿ ಹೆಸರು ಅಂಟಿಕೊಂಡಿದೆ.

ಮರದ ಬುಡದಲ್ಲಿ ನಿಂತ ಕಾರು

1987ರ ಜೂನ್‌ನಲ್ಲಿ ಮಾಲ್ಮ್‌ಸ್ಟೀನ್ ಓಡಿಸುತ್ತಿದ್ದ ಜಾಗ್ವಾರ್ ಕಾರು ಮರಕ್ಕೆ ಗುದ್ದಿತು. ಸುಮಾರು ಒಂದು ವಾರ ಪ್ರಜ್ಞೆ ಇರಲಿಲ್ಲ. ಎಚ್ಚರವಾದಾಗ ಬಲಗೈಯ ನರಗಳಿಗೆ ಪೆಟ್ಟಾಗಿತ್ತು. ಮೇಲೆ ವಿವರಿಸಿದ ಲೆಕ್ಕಾಚಾರವೆಲ್ಲ ಇದ್ದದ್ದು ಆ ಕೈಯಲ್ಲೇ. ಚೇತರಿಸಿಕೊಳ್ಳುತ್ತಿದ್ದ ದಿನಗಳಲ್ಲೇ ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಆ ಹೊತ್ತಿಗೆ ಅವರಿಗೆ ಇನ್ನೂ 24 ವರ್ಷ.

ನರ ನಿಧಾನವಾಗಿ ಮರಳಿತು, ಕೈ ಅಭ್ಯಾಸದಿಂದ ಮರಳಿತು. 1988ರಲ್ಲಿ ಜೋ ಲಿನ್ ಟರ್ನರ್ ಗಾಯನದೊಂದಿಗೆ ಬಂದ 'ಒಡಿಸ್ಸಿ' ಬಿಲ್‌ಬೋರ್ಡ್‌ನಲ್ಲಿ 40ನೇ ಸ್ಥಾನ ತಲುಪಿತು. 1989ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಲೆನಿನ್‌ಗ್ರಾಡ್‌ನಲ್ಲಿ ನಡೆಸಿದ ಕಛೇರಿ 'ಟ್ರಯಲ್ ಬೈ ಫೈರ್' ಎಂಬ ಹೆಸರಿನಲ್ಲಿ ಹೊರಬಂದಿದೆ. ಬಲಗೈ ಉಳಿಯಿತೋ ಇಲ್ಲವೋ ಎಂದು ಅನುಮಾನಿಸಿದವರಿಗೆ ಆ ಧ್ವನಿಮುದ್ರಣದಲ್ಲಿ ಉತ್ತರ ಸಿಕ್ಕಿತು. ಆದರೂ 'ಒಡಿಸ್ಸಿ'ಯ ಬಗ್ಗೆ ಅವರಿಗೇ ಅಷ್ಟು ಸಮಾಧಾನವಿಲ್ಲ. ಹಾಡುಗಳು ರೇಡಿಯೊಗೆ ಹೊಂದುವಷ್ಟು ನಯವಾದವು ಎಂಬ ಅಸಮಾಧಾನ.

1990ರ ದಶಕದಲ್ಲಿ ಅಮೆರಿಕದ ರುಚಿ ಬದಲಾಯಿತು. ಮೂರು ಸ್ವರಮೇಳಗಳ ಗ್ರಂಜ್ ಸಂಗೀತದ ಎದುರು ಇಂಥ ಪಾಂಡಿತ್ಯ ಹಳತಾಗಿ ಕಂಡಿತು. ಮಾಲ್ಮ್‌ಸ್ಟೀನ್ ಕೈ ಹಿಡಿದದ್ದು ಜಪಾನ್. 1997ರಲ್ಲಿ ಪ್ರಾಗ್ ನಗರದಲ್ಲಿ ಜೆಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದೊಂದಿಗೆ, ಯೋಯೆಲ್ ಲೆವಿ ನಿರ್ದೇಶನದಲ್ಲಿ ಎಲೆಕ್ಟ್ರಿಕ್ ಗಿಟಾರಿನ ಕಾನ್ಚೆರ್ಟೊ ಧ್ವನಿಮುದ್ರಿಸಿದರು. 2001ರಲ್ಲಿ ಅದನ್ನು ಟೋಕಿಯೊದಲ್ಲಿ ನ್ಯೂ ಜಪಾನ್ ಫಿಲ್‌ಹಾರ್ಮೋನಿಕ್ ಜೊತೆ ವೇದಿಕೆಯ ಮೇಲೆ ನುಡಿಸಿದರು. ಪಿಟೀಲು ಕುಳಿತುಕೊಳ್ಳುವ ಜಾಗದಲ್ಲಿ ಮಾರ್ಷಲ್ ಆಂಪ್ಲಿಫೈಯರ್!

ಮೆಚ್ಚುಗೆ ಮತ್ತು ತಕರಾರು

ಆಕ್ಷೇಪಗಳು ಸುಳ್ಳಲ್ಲ. ಆಲ್ಬಂನಿಂದ ಆಲ್ಬಂಗೆ ಅದೇ ಸ್ವರಗುಚ್ಛಗಳು ಮರಳುತ್ತವೆ. ಮೊದಲ ಆಲ್ಬಂಗಳಲ್ಲಿ ಯೆನ್ಸ್ ಯೋಹಾನ್‌ಸನ್ ಕೀಬೋರ್ಡ್‌ನಲ್ಲಿ ಗಿಟಾರಿಗೆ ಸರಿಸಮ ನಿಂತು ಸವಾಲು-ಜವಾಬು ನಡೆಸುತ್ತಿದ್ದರು. ಇತ್ತೀಚಿನ ಆಲ್ಬಂಗಳಲ್ಲಿ ಮಾಲ್ಮ್‌ಸ್ಟೀನ್ ತಾವೇ ಹಾಡಿ, ತಾವೇ ಬಹುತೇಕ ವಾದ್ಯ ನುಡಿಸುವಾಗ ಆ ಎದುರಾಳಿ ಇಲ್ಲದ ಕೊರತೆ ಕಾಣುತ್ತದೆ. ಕಡಿಮೆ ಇದ್ದಷ್ಟೂ ಹೆಚ್ಚು ಎಂಬ ಮಾತನ್ನು ಅವರು ಒಪ್ಪುವುದಿಲ್ಲ. ಹೆಚ್ಚು ಎಂದರೆ ಹೆಚ್ಚೇ ಎಂದು ನಕ್ಕುಬಿಡುತ್ತಾರೆ.

ಪ್ರಭಾವ ಮಾತ್ರ ನಿರ್ವಿವಾದ. 1978ರಲ್ಲಿ ಎಡ್ಡಿ ವಾನ್ ಹ್ಯಾಲನ್ ಎರಡೂ ಕೈಯಿಂದ ಫ್ರೆಟ್‌ಬೋರ್ಡ್ ತಟ್ಟಿ ನುಡಿಸಿದ ಬಳಿಕ ಎಲ್ಲರೂ ಅದರ ಹಿಂದೆ ಬಿದ್ದಿದ್ದರು. 1984ರ ನಂತರ ದಿಕ್ಕು ಬದಲಾಯಿತು. ವಿನಿ ಮೂರ್, ಟೋನಿ ಮೆಕಾಲ್ಪೈನ್, 1987ರಲ್ಲಿ 'ಸ್ಪೀಡ್ ಮೆಟಲ್ ಸಿಂಫನಿ' ತಂದ ಮಾರ್ಟಿ ಫ್ರೀಡ್‌ಮನ್ ಮತ್ತು ಜೇಸನ್ ಬೆಕರ್, ಸಿಂಫನಿ ಎಕ್ಸ್ ತಂಡದ ಮೈಕೆಲ್ ರೋಮಿಯೊ ಎಲ್ಲರೂ ಈ ಬಾಗಿಲಿನಿಂದಲೇ ಒಳಬಂದವರು.

ಮೊದಲ ಸಲ ಕೇಳುವವರು 'ಬ್ಲ್ಯಾಕ್ ಸ್ಟಾರ್'ನಿಂದ ಶುರು ಮಾಡುವುದು ಒಳ್ಳೆಯದು. ನೈಲಾನ್ ತಂತಿಯ ಗಿಟಾರಿನ ಸಣ್ಣ ಪೀಠಿಕೆ, ನಂತರ ಹಾಡಬಹುದಾದಂಥ ನಿಧಾನದ ರಾಗಸಂಚಾರ, ಆಮೇಲೆ ವೇಗ. ಅದಾದ ಮೇಲೆ 'ಫಾರ್ ಬಿಯಾಂಡ್ ದ ಸನ್' ಮತ್ತು 'ಇಕಾರಸ್ ಡ್ರೀಮ್ ಸೂಟ್'. ಎರಡನೆಯದರ ಆರಂಭದಲ್ಲಿ ಬರುವುದು ಅಲ್ಬಿನೋನಿ ಹೆಸರಿನಲ್ಲಿ ಪ್ರಸಿದ್ಧವಾದ ಅಡಾಜಿಯೊ, ವಾಸ್ತವದಲ್ಲಿ 20ನೇ ಶತಮಾನದ ರೆಮೊ ಜಿಯಾಜೊಟ್ಟೊ ರಚನೆ. ಯೂಟ್ಯೂಬ್‌ನಲ್ಲಿ ಕೇಳುವವರು ವೇಗವನ್ನು ಅರ್ಧಕ್ಕೆ ಇಳಿಸಿ ಇನ್ನೊಮ್ಮೆ ಕೇಳಬಹುದು. ಆಗಲೂ ಪ್ರತಿ ಸ್ವರ ತನ್ನ ಜಾಗದಲ್ಲೇ ಇರುತ್ತದೆ.